ದುಡಿದ ಹೊಲದಲ್ಲೇ ಮಣ್ಣು

ಬಬಲೇಶ್ವರದಿಂದ ಹೊಲದ ದಾರಿಗೆ ಇಳಿದರೆ ಕಣ್ಣು ಹರಿಯುವಷ್ಟು ದೂರ ಎರೆಭೂಮಿ. ಹಿಂಗಾರಿ ಜೋಳ ಎದೆಮಟ್ಟ ಬಂದಿರುವಾಗ ಬದುವಿನ ಮೇಲಿನ ಸಣ್ಣಪುಟ್ಟದ್ದೇನೂ ಕಣ್ಣಿಗೆ ಬೀಳುವುದಿಲ್ಲ. ರಾಶಿ ಮುಗಿದು, ಕಣಿಕೆ ಬಣವಿ ಸೇರಿ, ನೆಲ ಬೋಳಾಗಿ ಅಂಗೈ ಹಿಡಿಸುವಷ್ಟು ಬಿರುಕು ಬಿಟ್ಟ ಮೇಲೆ ಒಂದೊಂದೇ ತೋರತೊಡಗುತ್ತವೆ. ಬನ್ನಿಗಿಡದ ಬುಡದಲ್ಲಿ ಮೊಣಕಾಲೆತ್ತರದ ಮಣ್ಣಿನ ದಿಬ್ಬ, ಅದರ ತಲೆಯ ಮೇಲೆ ಹೊಲದಲ್ಲೇ ಸಿಕ್ಕ ಒಂದು ಕರಿಗಲ್ಲು, ಕಲ್ಲಿನ ಮೇಲೆ ಮಳೆಗೆ ಅರ್ಧ ತೊಳೆದುಹೋದ ವಿಭೂತಿಯ ಮೂರು ಗೆರೆ, ಪಕ್ಕದಲ್ಲಿ ಇರುವೆ ಹತ್ತಿದ ತೆಂಗಿನ ಚಿಪ್ಪು. ಹೆಸರಿಲ್ಲ, ಇಸವಿಯಿಲ್ಲ. ಕೇಳಿದರೆ ಹೊಲದವರು ಕೈಯಲ್ಲಿದ್ದ ಕುಡುಗೋಲು ಕೆಳಗಿಟ್ಟು ಹೇಳುತ್ತಾರೆ, "ಇಲ್ಲಿ ನಮ್ಮ ಬಸವಣ್ಣಗ ಮಣ್ಣ ಮಾಡೇವ್ರಿ."

ಎತ್ತಿನ ಗೋರಿ ಅದು.

ವಿಜಯಪುರ ಗೋರಿಗಳ ಊರು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಮೇಲೆ ನಿಂತ ಗೋಳಗುಮ್ಮಟ ಸುತ್ತಲಿನ ಬಯಲಿನಲ್ಲಿ ಎಷ್ಟೋ ದೂರದಿಂದ ಕಾಣುತ್ತದೆ. ಅವನ ತಂದೆ ಇಬ್ರಾಹಿಮನ ರೋಜಾದ ಕಲ್ಲಿನ ಜಾಲಂಧ್ರಗಳ ಮುಂದೆ ನಿಂತವರು ಮಾತು ಮರೆಯುತ್ತಾರೆ. ಊರೊಳಗೂ ಊರ ಹೊರಗೂ ಜೋಡ ಗುಮ್ಮಟ, ಸಾಠ ಕಬರ್, ಹೆಸರಿದ್ದ ಹೆಸರಿಲ್ಲದ ನೂರಾರು ಗುಂಬಜು. ನೋಡಲು ಬಂದವರು ಅಲ್ಲಿಂದಲೇ ಬಸ್ಸು ಹತ್ತಿ ಬಾದಾಮಿಗೋ ಪಟ್ಟದಕಲ್ಲಿಗೋ ಹೊರಟುಬಿಡುತ್ತಾರೆ. ಟಿಕೋಟಾ, ಬಬಲೇಶ್ವರದ ಕಡೆ ಹೊಲಗಳಲ್ಲಿರುವ ಈ ಮಣ್ಣಿನ ದಿಬ್ಬಗಳ ಸುದ್ದಿ ಯಾವ ಪ್ರವಾಸಿ ಪುಸ್ತಕದಲ್ಲೂ ಬರೆದಿಲ್ಲ. ನನ್ನ ಮಟ್ಟಿಗೆ ಈ ಜಿಲ್ಲೆಯ ಗೋರಿಗಳಲ್ಲಿ ಇವಕ್ಕೂ ಒಂದು ಸಾಲು ಸಲ್ಲಬೇಕು.

ಟಿಕೋಟಾ ಕಡೆಯ ಹಳ್ಳಿಯೊಂದರಲ್ಲಿ ಅಂಥ ಒಂದು ಮಣ್ಣಿಗೆ ನಾನು ಹೋಗಿದ್ದೆ. ನಸುಕಿನಲ್ಲಿ ಎತ್ತು ಗ್ವಾದಲಿಯ ಮುಂದೆಯೇ ಜೀವ ಬಿಟ್ಟಿತ್ತು. ಖಿಲಾರಿ ಎತ್ತು, ಹಾಲುಬಣ್ಣದ ಮೈ, ಹಿಂದಕ್ಕೆ ಬಾಗಿ ಮೇಲಕ್ಕೆ ಚಿಮ್ಮಿದ ನೀಳ ಕೊಂಬು. ಹಲ್ಲು ಸವೆದು ಕಣಿಕೆ ಜಗಿಯಲಾರದ್ದಕ್ಕೆ ಕಡೆಯ ಎರಡು ವರ್ಷ ನುಚ್ಚು ಬೇಯಿಸಿ ಹಾಕಿದ್ದರಂತೆ. ನಾನು ಹೋಗುವ ಹೊತ್ತಿಗೆ ಮನೆಯ ಹಿರಿಯ ಒಂದು ಕೆಲಸವನ್ನು ಆಗಲೇ ಮುಗಿಸಿದ್ದ. ಮೈ ಸೆಟೆಯುವ ಮೊದಲೇ ನಾಲ್ಕೂ ಕಾಲು ಮಡಚಿ, ಹಳೆಯ ಧೋತರ ಸುತ್ತಿ ಕಟ್ಟಿದ್ದ. ಎತ್ತು ಮಧ್ಯಾಹ್ನದ ನೆರಳಿನಲ್ಲಿ ಮೆಲುಕು ಹಾಕುತ್ತ ಕೂತ ಹಾಗೆಯೇ ಇತ್ತು. ಯಾಕೆ ಹೀಗೆ ಎಂದು ಕೇಳಿದೆ.

"ಮಲಗಿಸಿ ಮುಚ್ಚಬಾರದು ತಮ್ಮಾ," ಎಂದ. "ನಮ್ಮ ಮಂದಿನ ಹ್ಯಾಂಗ ಕುಂಡ್ರಿಸಿ ಮಣ್ಣ ಕೊಡ್ತೀವಿ, ಹಂಗ ಇದಕ್ಕೂ. ಕುಂತು ಹೋಗಬೇಕು."

ಲಿಂಗಾಯತರಲ್ಲಿ ಸತ್ತವರನ್ನು ಕುಳ್ಳಿರಿಸಿ, ವಿಭೂತಿ, ಬಿಲ್ವಪತ್ರಿಯೊಂದಿಗೆ ಸಮಾಧಿ ಮಾಡುವುದುಂಟು. ಆ ಮನೆಯವರು ಎತ್ತಿಗೂ ಅದನ್ನೇ ಮಾಡಿದರು. ಹೆಣ್ಣುಮಕ್ಕಳು ಅರಿಷಿಣ ಕಲೆಸಿದ ಬಿಸಿನೀರಿನಲ್ಲಿ ಮೈ ತೊಳೆದರು. ಹಣೆಗೂ ಹೆಗಲಿಗೂ ವಿಭೂತಿ ಬಳಿದರು. ಹೆಗಲಿನ ಮೇಲೆ ನೊಗ ಕೂತು ಕೂತು ಅಂಗೈಯಗಲ ಚರ್ಮ ಕೂದಲಿಲ್ಲದೆ ಗಟ್ಟಿಯಾಗಿ, ತಿಕ್ಕಿದ ತಾಮ್ರದಂತೆ ಹೊಳೆಯುತ್ತಿತ್ತು; ಅಲ್ಲಿ ವಿಭೂತಿ ನಿಲ್ಲಲೊಲ್ಲದು, ಮತ್ತೆ ಮತ್ತೆ ಹಚ್ಚಿದರು. ಕಾರಹುಣ್ಣಿವಿಗೆ ಹೊದಿಸುವ ಜೂಲವನ್ನು ಟ್ರಂಕಿನಿಂದ ತೆಗೆದು ಬೆನ್ನಿಗೆ ಹಾಕಿದರು. ಕೊಂಬಿಗೆ ಎಣ್ಣೆ, ಕೊಂಬಿನ ತುದಿಗೆ ಹಿತ್ತಾಳೆಯ ಕೊಮ್ಮಣಸು, ಕೊರಳಿಗೆ ಚೆಂಡು ಹೂವಿನ ಸರ. ಓಣಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಆರತಿ ಎತ್ತಿ, ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದರು. ಹೊರಗೆ ಭಜನಿಯವರು ತಾಳ ಹಿಡಿದು ಕೂತಿದ್ದರು. ಅದರ ಜೋಡೆತ್ತನ್ನು ಹಿತ್ತಲಿನಲ್ಲಿ ಕಟ್ಟಿದ್ದರು. ಮುಂದಿಟ್ಟ ಮೇವಿಗೆ ಮೂತಿ ಹಾಕದೆ ಕಿವಿ ನಿಮಿರಿಸಿ ಅಂಗಳದ ಕಡೆಗೇ ನೋಡುತ್ತಿತ್ತು.

ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕಣಿಕೆ ಹಾಸಿ ಎತ್ತನ್ನು ಏರಿಸಿದರು. ಮುಂದೆ ಹಲಗಿ, ಹಿಂದೆ ಊರು. ಹನುಮಪ್ಪನ ಗುಡಿಯ ಮುಂದೆ ಒಂದು ಗಳಿಗೆ ನಿಲ್ಲಿಸಿ ಕಾಯಿ ಒಡೆದರು. ಹೊಲದಲ್ಲಿ ಜೆಸಿಬಿ ಕುಣಿ ತೋಡಿತ್ತು, ಆಳೆತ್ತರಕ್ಕಿಂತ ತುಸು ಹೆಚ್ಚೇ. ಹಿರಿಯನಿಗೆ ಅದು ಸಮಾಧಾನವಾಗಲಿಲ್ಲ. ತಾನೇ ಇಳಿದು, ಹೆಂಟೆ ಎದ್ದಿದ್ದ ತಳವನ್ನು ಸಲಿಕೆಯಿಂದ ಹದ ಮಾಡಿ, ಕೈಯಿಂದ ಸವರಿದ. ಆಮೇಲೆ ಉಪ್ಪಿನ ಚೀಲ ಸುರಿದರು, ಉಪ್ಪಿನ ಮೇಲೆ ಬಿಲ್ವಪತ್ರಿ. ಹಗ್ಗ ಕಟ್ಟಿ ಎತ್ತನ್ನು ಇಳಿಸುವಾಗ ಮೇಲಿನಿಂದ ಹತ್ತು ದನಿ ಹತ್ತು ಸಲಹೆ ಕೊಡುತ್ತಿದ್ದವು. "ಮಾರಿ ಹೊಲದ ಕಡಿಗೆ ಮಾಡ್ರಿ," ಎಂದು ಮುದುಕ ಒಂದೇ ಮಾತು ಹೇಳಿದ. ಎಲ್ಲರೂ ಸುಮ್ಮನಾಗಿ ಎತ್ತನ್ನು ತಿರುಗಿಸಿದರು. ಮಣ್ಣು ಹಾಕುವ ಮೊದಲು ಅವನು ಸೊಂಟದಿಂದ ಕುಡುಗೋಲು ತೆಗೆದು ಮೂಗದಾಣಿ ಕೊಯ್ದ. ಎಷ್ಟೋ ವರ್ಷ ಮೂಗಿನಲ್ಲಿದ್ದ ಹಗ್ಗ. ಅದನ್ನು ಮಡಿಚಿ ಅಂಗಿಯ ಕಿಸೆಗೆ ಹಾಕಿಕೊಂಡು, ಮೊದಲ ಹಿಡಿ ಮಣ್ಣು ಕೊಟ್ಟು, ಬದುವಿನ ಮೇಲೆ ಹೋಗಿ ಕುಳಿತ.

ಮನೆಯ ಎತ್ತಿಗೆ ಇಷ್ಟಾದರೆ, ದೇವರ ಹೆಸರಿನಲ್ಲಿ ಬಿಟ್ಟ ಬಸವ ಸತ್ತಾಗ ಇಡೀ ಊರೇ ಮನೆಯವರಾಗುತ್ತದೆ. ಯಾರ ಹೊಲಕ್ಕೆ ನುಗ್ಗಿದರೂ ಬೈಸಿಕೊಳ್ಳದೆ ಬೆಳೆದ ಪ್ರಾಣಿ ಅದು. ಸತ್ತ ದಿನ ಡೊಳ್ಳು, ಕರಡಿ ಮಜಲು, ಟ್ರ್ಯಾಕ್ಟರಿಗೆ ಬಾಳೆಕಂಬ, ಮಠದ ಅಪ್ಪಾರ ಪಾದಪೂಜೆ, ಸೇರಿದವರಿಗೆಲ್ಲ ಪ್ರಸಾದ. ವರ್ಷ ತಿರುಗುವುದರೊಳಗೆ ಗದ್ದಿಗೆ ಎದ್ದು, ಅದರ ಮೇಲೊಂದು ಕಲ್ಲಿನ ನಂದಿ ಬಂದು ಕೂರುತ್ತದೆ. ಮಂಗ ಸತ್ತರೂ ಹೀಗೆಯೇ. ಕರೆಂಟಿನ ತಂತಿಗೆ ಸಿಕ್ಕ ಮಂಗನನ್ನು ಹೂವಿನ ಕುರ್ಚಿಯಲ್ಲಿ ಕೂರಿಸಿ ಮೆರವಣಿಗೆ ಮಾಡಿ ಹೂತ ಕಟ್ಟೆಗಳು ನಮ್ಮ ಎಷ್ಟೋ ಊರುಗಳಲ್ಲಿವೆ. ಇವುಗಳಲ್ಲಿ ಭಕ್ತಿಯ ಪಾಲು ದೊಡ್ಡದು. ಹೊಲದ ದಿಬ್ಬದಲ್ಲಿ ಭಕ್ತಿಗಿಂತ ಋಣದ ಪಾಲು ಹೆಚ್ಚು. ನನ್ನನ್ನು ಹೆಚ್ಚು ಎಳೆಯುವುದು ಅದೇ.

ಸತ್ತ ಪ್ರಾಣಿಗೆ ಗೋರಿ ಬೇರೆ ನಾಡುಗಳಲ್ಲೂ ಉಂಟು. ಲಂಡನ್ನಿಗೆ ಹೋದ ನಮ್ಮ ಕಡೆಯವರು ಥೇಮ್ಸ್ ನದಿಯ ದಂಡೆಗೆ ಹೋಗದೆ ಬರುವುದಿಲ್ಲ. ಬಾಗೇವಾಡಿಯ ಬಸವಣ್ಣನ ಮೂರ್ತಿ 2015ರ ನವೆಂಬರಿನಿಂದ ಅಲ್ಲಿ ನಿಂತಿದೆ. ನಾನೂ ಹೋಗಿ ಕೈಮುಗಿದು, ಅಲ್ಲಿಂದ ಹೈಡ್ ಪಾರ್ಕಿನ ಉತ್ತರದ ಅಂಚಿಗೆ, ವಿಕ್ಟೋರಿಯಾ ಗೇಟಿನ ಕಾವಲುಗಾರನ ಮನೆಯ ಹಿತ್ತಲಿಗೆ ಹೋದೆ. ಬೇಲಿಯ ಕಬ್ಬಿಣದ ಸರಳುಗಳ ನಡುವೆ ಮುಖ ಇಟ್ಟು ನೋಡಬೇಕು. ಪೊದೆ, ಹಾವಸೆ, ಒದ್ದೆ ನೆರಳು. ಅದರ ನಡುವೆ ಒಂದಕ್ಕೊಂದು ಒತ್ತಿ ನಿಂತ ಗೇಣುದ್ದದ ಬಿಳಿಗಲ್ಲುಗಳು, ಮಕ್ಕಳ ಪಾಟಿಯಷ್ಟೇ ದೊಡ್ಡವು. 1881ರಲ್ಲಿ ಚೆರ್ರಿ ಎಂಬ ಪುಟ್ಟ ನಾಯಿ ತೀರಿಕೊಂಡಾಗ, ಅದನ್ನು ದಿನಾ ಇದೇ ಉದ್ಯಾನಕ್ಕೆ ಕರೆತರುತ್ತಿದ್ದ ಮನೆಯವರು ಕಾವಲುಗಾರ ವಿನ್‌ಬ್ರಿಜ್‌ನ ಹತ್ತಿರ ಬಂದು, ಇಲ್ಲೇ ಹೂಳಲು ಜಾಗ ಕೊಡು ಎಂದು ಕೇಳಿದರು. ಅವನು ತನ್ನ ಹಿತ್ತಲಿನಲ್ಲಿ ಕೊಟ್ಟ. ಮರುವರ್ಷ ಗಾಡಿಯ ಗಾಲಿಗೆ ಸಿಕ್ಕು ಸತ್ತ ಪ್ರಿನ್ಸ್ ಎಂಬ ನಾಯಿ ಬಂತು. ರಾಣಿ ವಿಕ್ಟೋರಿಯಾಳ ಸೋದರಸಂಬಂಧಿ ಕೇಂಬ್ರಿಜ್ ಡ್ಯೂಕನ ಮನೆಯದು. ಸುದ್ದಿ ಹಬ್ಬಿತು. 1903ರಲ್ಲಿ ಜಾಗ ತುಂಬಿ ಬಾಗಿಲು ಹಾಕುವ ಹೊತ್ತಿಗೆ ಸುಮಾರು 300 ಪ್ರಾಣಿಗಳು, ಬಹುತೇಕ ನಾಯಿಗಳು, ಅಲ್ಲಿ ಮಣ್ಣು ಸೇರಿದ್ದವು. ಎಷ್ಟೋ ಕಲ್ಲುಗಳ ಮೇಲೆ ಹೆಸರು, ತೀರಿಕೊಂಡ ದಿನ, ಸಾಕಿದವರ ಒಂದೆರಡು ಸಾಲು. ಓದುತ್ತ ಹೋದಂತೆ ನೂರಿಪ್ಪತ್ತು ವರ್ಷದ ಹಿಂದಿನ ಮನೆಗಳ ಅಳು ಕೇಳುತ್ತದೆ. ದೊಡ್ಡವರ ಮನೆಯ ನಾಯಿಗಳೆಂದು ಅದನ್ನು ಹಗುರವಾಗಿ ನೋಡಲು ನನಗೆ ಮನಸ್ಸಾಗಲಿಲ್ಲ.

ಪ್ಯಾರಿಸಿನ ಹೊರವಲಯದ ಆನಿಯೇರ್‌ನಲ್ಲಿರುವುದು ಇದಕ್ಕಿಂತ ದೊಡ್ಡದು. ಸತ್ತ ನಾಯಿಯನ್ನು ಸೇನ್ ನದಿಗೋ ಕಸದ ಗುಂಡಿಗೋ ಎಸೆಯುತ್ತಿದ್ದ ಕಾಲದಲ್ಲಿ, 1898ರಲ್ಲಿ, ಪ್ರಾಣಿಗಳನ್ನು ಮನೆಗಳಿಂದ ದೂರ ನೆಲದಲ್ಲಿ ಹೂಳಬೇಕೆಂದು ಫ್ರಾನ್ಸ್ ಕಾನೂನು ಮಾಡಿತು. ಮರುವರ್ಷವೇ ಪತ್ರಕರ್ತೆ ಮಾರ್ಗರಿತ್ ಡ್ಯುರಾಂ ಮತ್ತು ವಕೀಲ ಜಾರ್ಜ್ ಆರ್ಮ್ವಾ ಸೇರಿ ಈ ಸ್ಮಶಾನ ತೆರೆದರು. ನಾಯಿ, ಬೆಕ್ಕು, ಕುದುರೆ, ಮಂಗ ಎಲ್ಲಕ್ಕೂ ಅಲ್ಲಿ ಜಾಗವಿದೆ. ಬಾಗಿಲಲ್ಲೇ ಬ್ಯಾರಿ ಎಂಬ ನಾಯಿಯ ಸ್ಮಾರಕ. ಆಲ್ಪ್ಸ್ ಹಿಮದಲ್ಲಿ ದಾರಿ ತಪ್ಪಿದ 40 ಜನರನ್ನು ಉಳಿಸಿತ್ತೆಂದು ಅದರ ಖ್ಯಾತಿ. ಇನ್ನೂ ಹಿಂದಕ್ಕೆ ಹೋದರೆ ಈಜಿಪ್ಟಿನ ಕೆಂಪು ಸಮುದ್ರದ ದಂಡೆಯ ಬೆರೆನಿಕೆ ಬಂದರು. ಅಲ್ಲಿ ಸುಮಾರು ಎರಡು ಸಾವಿರ ವರ್ಷದ ಹಿಂದೆ ಅಚ್ಚುಕಟ್ಟಾಗಿ ಹೂತ 585 ಪ್ರಾಣಿಗಳ ಅಸ್ಥಿಗಳನ್ನು ಪುರಾತತ್ವ ತಜ್ಞರು ವಿವರಿಸಿದ್ದಾರೆ. ಹೆಚ್ಚಿನವು ಬೆಕ್ಕು. ಕೆಲವಕ್ಕೆ ಕೊರಳಪಟ್ಟಿ, ಕೆಲವಕ್ಕೆ ಮಣಿಸರ. ನಮ್ಮ ನೆಲದಿಂದ ಮೆಣಸು ಹೊತ್ತ ಹಡಗುಗಳು ಹೋಗುತ್ತಿದ್ದ ಬಂದರು ಅದು. ಹೂತವುಗಳಲ್ಲಿ ಭಾರತದಿಂದ ಒಯ್ದ ಮಂಗಗಳೂ ಇವೆ. ಹಲ್ಲು ಉದುರಿದ ಮೇಲೂ ಯಾರೋ ಉಣಿಸಿ ಬದುಕಿಸಿದ್ದ ಮುದಿ ಪ್ರಾಣಿಗಳ ಎಲುಬು ಅಲ್ಲಿ ಸಿಕ್ಕವು ಎಂದು ಓದಿದಾಗ ನನಗೆ ಟಿಕೋಟಾ ಕಡೆಯ ಆ ಮನೆಯ ನುಚ್ಚಿನ ಗಡಿಗೆ ಕಣ್ಣಮುಂದೆ ಬಂತು.

ನಮ್ಮಲ್ಲಿ ಹೆಸರು ಕೊರೆಯುವ ಪದ್ಧತಿ ಇರಲಿಲ್ಲ ಎನ್ನುವಂತಿಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಹೈಡ್ ಪಾರ್ಕಿನ ಆ ಕಲ್ಲುಗಳಿಗಿಂತ ಒಂಬತ್ತು ನೂರು ವರ್ಷ ಹಿರಿಯದು. ತಕ್ಕೋಲಂ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದದ್ದಕ್ಕೆ ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ತನ್ನ ಭಾವ, ಗಂಗರ ಇಮ್ಮಡಿ ಬೂತುಗನಿಗೆ ಬನವಾಸಿ, ಬೆಳ್ವೊಲ, ಪುಲಿಗೆರೆ, ಕಿಸುಕಾಡು, ಬಾಗೆನಾಡುಗಳನ್ನು ಕೊಟ್ಟ. ಬಾಗೆನಾಡು ಎಂದರೆ ನಮ್ಮ ಪಕ್ಕದ ಬಾಗಲಕೋಟೆಯ ಸೀಮೆ. ಅದೇ ಯುದ್ಧದಲ್ಲಿ ಮೆರೆದ ಬೂತುಗನ ಭಂಟ ಮಣಲೆರನನ್ನು, ನಿನಗೇನು ಬೇಕು ಎಂದು ಒಡೆಯ ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಹತ್ತಿರ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟಾಗ ನಾಯಿಯೂ ಹಂದಿಯೂ ಹೊಡೆದಾಡಿ ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಂತಿತು. ಪೂಜೆಗೆಂದು ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ಪಾಪ ತಟ್ಟುತ್ತದೆಂದೂ ಬರೆಸಿದರು. ಶಕ 872, ಅಂದರೆ ಕ್ರಿ.ಶ. 949-50. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಮುನ್ನುಗ್ಗಿ ಹಂದಿಯ ಮೇಲೆ ಬಿದ್ದ ಗಳಿಗೆಯನ್ನೇ ಶಿಲ್ಪಿ ಹಿಡಿದಿದ್ದಾನೆ. ಎರಡೂ ಮೈಗಳು ಬಿಗಿದು ಒಂದಕ್ಕೊಂದು ಎದುರಾಗಿವೆ. ರಾಜ್ಯಗಳ ಲೆಕ್ಕ, ಯುದ್ಧದ ಲೆಕ್ಕ ಎಲ್ಲ ಇರುವ ಶಾಸನದ ನಡುವೆ ಚಿತ್ರವಾಗಿ ಉಳಿದದ್ದು ನಾಯಿ.

ವಿಜಯಪುರದ ಅರಮನೆಗೂ ಅಂಥ ಒಲವು ಇತ್ತು. ಟಿಕೋಟಾದ ದಾರಿಯಲ್ಲಿ ತೊರವಿಯ ಹತ್ತಿರ ಬಿದ್ದಿರುವ ನವರಸಪುರದ ಗೋಡೆಗಳನ್ನು ನೋಡಿದವರಿಗೆ ಇಮ್ಮಡಿ ಇಬ್ರಾಹಿಂ ಆದಿಲ್ ಶಾಹ ನೆನಪಾಗುತ್ತಾನೆ. 1599ರಲ್ಲಿ ಈ ಹೊಸ ಊರು ಕಟ್ಟಲು ಹೊರಟ ಸಂಗೀತಪ್ರಿಯ ದೊರೆ ತನ್ನ 'ಕಿತಾಬ್-ಎ-ನೌರಸ್'ನಲ್ಲಿ ಹೆಂಡತಿ ಚಾಂದ್ ಸುಲ್ತಾನಾಳನ್ನೂ ಮೋತಿ ಖಾನ್ ಎಂಬ ತಂಬೂರಿಯನ್ನೂ ನೆನೆದಂತೆಯೇ ಆತಶ್ ಖಾನ್ ಎಂಬ ಆನೆಯನ್ನೂ ನೆನೆದಿದ್ದಾನೆ. ಅವನ ಆಸ್ಥಾನದ ಚಿತ್ರಕಾರರು ಆ ಆನೆಯನ್ನು ಬರೆದಿದ್ದಾರೆ. ಚಂಚಲ್ ಎಂಬ ಇನ್ನೊಂದು ಆನೆಯನ್ನು ಮೊಗಲ್ ದೂತ ಅಸದ್ ಬೇಗ್ ಇಲ್ಲಿಂದ ಅಕ್ಬರನಿಗೆ ಕಾಣಿಕೆಯಾಗಿ ಕೊಂಡೊಯ್ದ. ಅರಮನೆಯ ಪ್ರಾಣಿಗೆ ಕವಿ, ಕುಂಚ ಎರಡೂ ಸಿಕ್ಕವು. ಅದೇ ಊರಿಗೆ ಜೋಳ ಹೊತ್ತು ತಂದ ಎತ್ತುಗಳಿಗೆ ಹೊಲದ ಮಣ್ಣೇ ಸಿಕ್ಕಿರಬೇಕು.

ಗೋಳಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ವೀರಗಲ್ಲುಗಳಿವೆ. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ತುರುಗಾಳಗದವು ಎಷ್ಟೊಂದು! ಕಳ್ಳರು ಅಟ್ಟಿಕೊಂಡು ಹೋದ ದನಗಳನ್ನು ಬಿಡಿಸಲು ಹೋಗಿ ಸತ್ತವರಿಗೆ ನಿಲ್ಲಿಸಿದ ಕಲ್ಲುಗಳು. ಕೆಳಗಿನ ಪಟ್ಟಿಯಲ್ಲಿ ಸಾಲಾಗಿ ದನ, ಅವುಗಳ ಮುಂದೆ ಬಿಲ್ಲೆತ್ತಿದ ಮನುಷ್ಯ, ಮೇಲೆ ಕೈಲಾಸ. ದನಕ್ಕಾಗಿ ಸತ್ತವನಿಗೆ ಕಲ್ಲು ನಿಲ್ಲಿಸಿದ ಜನ, ಮನುಷ್ಯನಿಗಾಗಿ ದುಡಿದು ಸತ್ತ ದನವನ್ನು ಮಣ್ಣಿನಲ್ಲಿ ಮರ್ಯಾದೆಯಿಂದ ಕೂರಿಸಿದರು.

ಇದೆಲ್ಲದರ ಎದುರಿಗೆ ಇದೇ ಸೀಮೆಯ ಇನ್ನೊಂದು ಮಾತನ್ನೂ ಇಡಬೇಕು. ಟಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಕಣ್ಣು ಮುಚ್ಚಿದಾಗ, ಅವರು ಮೊದಲೇ ಬರೆದಿಟ್ಟ ಪತ್ರ ಹೊರಬಂತು. ಭೂಮಿಯಲ್ಲಿ ಹೂಳಬೇಡಿ, ಅಗ್ನಿಗೆ ಕೊಡಿ, ಬೂದಿಯನ್ನು ನೀರಿಗೆ ಬಿಡಿ, ಸ್ಮಾರಕ ಬೇಡ. ಹಾಗೆಯೇ ಆಯಿತು. ಗುಮ್ಮಟದ ಊರಿನಲ್ಲಿ ಲಕ್ಷ ಲಕ್ಷ ಜನ ನೆರೆದು ಒಂದು ಕಲ್ಲನ್ನೂ ನಿಲ್ಲಿಸದೆ ಕಳಿಸಿಕೊಟ್ಟರು. ಆ ನಿಲುವಿಗೆ ನಾನು ತಲೆಬಾಗುತ್ತೇನೆ. ಆದರೂ ಎತ್ತಿನ ಮಟ್ಟಿಗೆ ನನ್ನ ಮನಸ್ಸು ಕಲ್ಲಿನ ಕಡೆಗೇ ವಾಲುತ್ತದೆ. ಸ್ವಾಮೀಜಿಯವರ ಪ್ರವಚನ ಮನೆಮನೆಯ ಕಿವಿಯಲ್ಲಿದೆ. ಎತ್ತು ಎಳೆದ ಸಾಲು ಮುಂದಿನ ಹಂಗಾಮಿಗೆ ಅಳಿಸುತ್ತದೆ. ತನಗೇನು ಬೇಕು, ಏನು ಬೇಡ ಎಂದು ಅದು ಬರೆದಿಡಲಾರದು. ಉಳಿದವರೇ ತೀರ್ಮಾನಿಸಬೇಕು.

ಎತ್ತು ಏನೇನು ಮಾಡಿತ್ತು ಎಂದು ಹೇಳುವವರು ಇನ್ನೂ ಇದ್ದಾರೆ. ಬಬಲೇಶ್ವರದ ಅಗಸಿಯ ಕಟ್ಟೆಯ ಮೇಲೆ ಕೂತ ಮುದುಕರಿಗೆ ಒಂದು ಎಳೆ ಸಿಕ್ಕರೆ ಸಾಕು. ರಂಟೆ ಹೊಡೆದದ್ದು, ಕುಂಟೆ ಹೊಡೆದದ್ದು, ಕೂರಿಗೆಯ ಹಿಂದೆ ಹೆಂಗಸರು ಬೀಜ ಬಿಡುತ್ತ ಹೋದದ್ದು, ಎಳೆಯ ಬೆಳೆಯ ಸಾಲಿನ ನಡುವೆ ಒಂದು ಗಿಡವನ್ನೂ ತುಳಿಯದೆ ಎಡೆ ಹೊಡೆದದ್ದು. ಸುಗ್ಗಿಯ ರಾತ್ರಿ ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ ಹಂತಿ ಹೊಡೆಯುವಾಗ ಹಾಡು ನಿಂತರೆ ಎತ್ತೂ ನಿಲ್ಲುತ್ತಿದ್ದವಂತೆ. "ಡೋಣಿ ಹರದರ ಓಣೆಲ್ಲ ಜ್ವಾಳ" ಎನ್ನುತ್ತಾರೆ ಈ ಕಡೆ. ಡೋಣಿ ಹೊಳೆಯ ದಂಡೆಯ ಜಿಗುಟು ಎರೆಯಲ್ಲಿ ಸಿಕ್ಕ ಚಕ್ಕಡಿಯನ್ನು ಮೊಣಕಾಲೂರಿ ಎಳೆದ ಎತ್ತುಗಳ ಕತೆ ಪ್ರತಿ ಮನೆಯಲ್ಲೂ ಇದೆ. ಎತ್ತಿನ ಹೆಸರುಗಳೂ ಅವರ ಬಾಯಲ್ಲೇ ಉಳಿದಿವೆ. ಸರ್ಜಾ, ರಾಜಾ, ರಾಮ, ಲಕ್ಷ್ಮಣ. ಮಮದಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹ 1633ರಲ್ಲಿ ಕಟ್ಟಿಸಿದ ಕೆರೆಗೆ ಇಳಿದು ಮೈ ತೊಳೆಸಿಕೊಳ್ಳುತ್ತಿದ್ದ ಜೋಡಿಗಳನ್ನು ಬಣ್ಣ ಸಮೇತ ನೆನೆಯುತ್ತಾರೆ. ಸಂಕ್ರಾಂತಿಯ ಸಿದ್ಧೇಶ್ವರ ದೇವರ ಜಾತ್ರೆಯ ದನದ ಪೇಟೆಯಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾಡಿದ್ದು, ಆಗ ಕೊಂಡ ಹೋರಿಯ ಹಲ್ಲು ಎಷ್ಟಿದ್ದವು ಎಂಬುದು, ಹೊಸ ನೊಗಕ್ಕೆ ಅದು ಮೊದಲ ಸಲ ಹೆಗಲು ಕೊಟ್ಟ ದಿನ, ಎಲ್ಲ ನೆನಪಿದೆ.

ಈಗ ಹೊಲ ಬದಲಾಗಿದೆ. ಟಿಕೋಟಾ ಸುತ್ತ ದ್ರಾಕ್ಷಿಯ ಪಡಗಗಳು, ಒಣದ್ರಾಕ್ಷಿಯ ಉದ್ದುದ್ದ ಶೆಡ್ಡುಗಳು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದ ಕಡೆ ಕಬ್ಬು. ನೀರಿಗಾಗಿ ಈ ಸೀಮೆ ಪಟ್ಟ ಪಾಡು ಬಲ್ಲವರು ಅದನ್ನು ಕಂಡು ಸಂತೋಷಪಡಲೇಬೇಕು. ಆದರೆ ದ್ರಾಕ್ಷಿಯ ಕಂಬ-ತಂತಿಗಳ ನಡುವೆ ಓಡಾಡುವುದು ಸಣ್ಣ ಟ್ರ್ಯಾಕ್ಟರು. ಹತ್ತೊಂಬತ್ತನೆಯ ಶತಮಾನದಲ್ಲಿ ಸಾಂಗ್ಲಿ ಕಡೆಯ ಸಂಸ್ಥಾನಿಕರು ಎರೆಯ ಭಾರದ ಉಳುಮೆಗೆಂದೇ ಬೆಳೆಸಿದ ಕೃಷ್ಣಾ ತೀರದ ತಳಿ ಇಂದು ತೀರ ಕಡಿಮೆಯಾಗಿದೆ. ಖಿಲಾರಿ ಉಳಿದಿದ್ದರೂ ದಾವಣಿಗಳು ಖಾಲಿಯಾಗುತ್ತಿವೆ. ಎತ್ತು ಮುದಿಯಾಗುವವರೆಗೆ ಕಾಯುವ ಶಕ್ತಿ ಎಲ್ಲ ಮನೆಗಳಿಗೂ ಇಲ್ಲ. ಬರಗಾಲದಲ್ಲಿ ಮೇವಿನ ದರ ಏರಿದಾಗ ಕಣ್ಣೀರು ಹಾಕುತ್ತಲೇ ಹಗ್ಗ ಬಿಚ್ಚಿ ಕೊಟ್ಟವರನ್ನು ನೋಡಿದ್ದೇನೆ. ಅವರನ್ನು ದೂರಲು ನನಗೆ ಬಾಯಿಲ್ಲ.

2022ರ ಚರ್ಮಗಂಟು ರೋಗದ ತಿಂಗಳುಗಳಂತೂ ಮರೆಯುವಂಥವಲ್ಲ. ಮೈತುಂಬ ಗಂಟು ಎದ್ದು, ಕಾಲು ಬಾತು, ನಿಂತಲ್ಲಿಂದ ಕದಲಲಾರದೆ ದನ ಸತ್ತವು. ಸತ್ತ ಎತ್ತಿಗೆ 30,000, ಆಕಳಿಗೆ 20,000, ಕರುವಿಗೆ 5,000 ರೂಪಾಯಿ ಎಂದು ಸರ್ಕಾರ ಪರಿಹಾರ ಗೊತ್ತು ಮಾಡಿತ್ತು. ರೋಗ ಹರಡಬಾರದೆಂದು ಮೆರವಣಿಗೆ, ಭಜನಿ ಯಾವುದೂ ಇಲ್ಲದೆ ಆಳದ ಕುಣಿ ತೋಡಿ ಸುಣ್ಣ ಹಾಕಿ ಮುಚ್ಚಬೇಕಾಯಿತು. ಆ ವರ್ಷದ ಕುಣಿಗಳ ಮೇಲೆ ಎಷ್ಟೋ ಕಡೆ ಕಲ್ಲೂ ಇಲ್ಲ. ಒಬ್ಬ ಹೆಣ್ಣುಮಗಳು ಮರುವರ್ಷದ ಎಳ್ಳಮವಾಸಿಗೆ ಚರಗ ಚೆಲ್ಲುವಾಗ ಅಲ್ಲಿಗೂ ಒಂದು ಹಿಡಿ ಸಜ್ಜಿ ಕಡುಬು, ಪುಂಡಿಪಲ್ಲೆ ಹಾಕಿ, "ಅವತ್ತ ಆರತಿ ಸೈತ ಮಾಡಾಕ ಆಗಲಿಲ್ಲರಿ ಯಣ್ಣಾ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ದಿಬ್ಬಗಳು ತಾವಾಗಿಯೇ ಉಳಿಯುವುದಿಲ್ಲ. ಹೊಲ ಅಣ್ಣತಮ್ಮಂದಿರಲ್ಲಿ ಹಂಚಿಕೆಯಾಗುತ್ತದೆ, ಬದು ಸರಿಯುತ್ತದೆ, ಹೊಸ ರಸ್ತೆ ಹಾಯುತ್ತದೆ. ಕೊಂಡವರಿಗೆ ಆ ಕಲ್ಲು ಯಾರದೆಂದು ತಿಳಿದಿರುವುದಿಲ್ಲ. ತಿಳಿದವರು ಇದ್ದಲ್ಲಿ ಮಾತು ಬೇರೆ. ಒಂದು ದ್ರಾಕ್ಷಿ ಪಡಗದಲ್ಲಿ ಕಂಬದ ಸಾಲೊಂದು ಉಳಿದ ಸಾಲುಗಳಿಗಿಂತ ನಾಲ್ಕು ಮಾರು ಮೊದಲೇ ನಿಂತಿದೆ. ಜಮೀನು ಕೊಟ್ಟವನು ಖರೀದಿ ಪತ್ರಕ್ಕೆ ಸಹಿ ಹಾಕುವ ಮುಂಚೆ ಬಾಯಿಮಾತಿನಲ್ಲಿ ಕೇಳಿಕೊಂಡಿದ್ದನಂತೆ. ಕೊಂಡವನು ನಾಲ್ಕು ಮಾರು ಜಾಗದ ಬೆಳೆ ಬಿಟ್ಟುಕೊಟ್ಟ. ಅಲ್ಲಿ ಒಂದು ಬೇವಿನ ಗಿಡ ಬೆಳೆದಿದೆ. ಕಾಯ್ದೆ ಕಾಗದ ಯಾವುದರಲ್ಲೂ ಇಲ್ಲದ ಈ ಕರಾರನ್ನು ಇಬ್ಬರೂ ಮುರಿದಿಲ್ಲ.

ಪ್ರಾಣಿಗೆ ಸ್ಮಾರಕ ಬೇಕೆಂಬ ಆಸೆ ರೈತರದ್ದಷ್ಟೇ ಅಲ್ಲ. ಎಂಟು ಸಲ ಮೈಸೂರು ದಸರೆಯ ಅಂಬಾರಿ ಹೊತ್ತ ಆನೆ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾಡಾನೆಯೊಂದಿಗೆ ಹೋರಾಡಿ ಸತ್ತಾಗ, ಬಿದ್ದ ಕಾಡಿನಲ್ಲೇ ಅದನ್ನು ಹೂತರು. ಸಮಾಧಿಗೆ ತಕ್ಕ ಸ್ಮಾರಕ ಬೇಕೆಂದು ನಾಡೇ ದನಿ ಎತ್ತಿತು. ನಾಯಿಯ ಮೇಲೂ ನಮ್ಮ ಕಡೆ ಅದೇ ಒಲವು. ಗಲಗಲಿಯ ಸೇತುವೆ ದಾಟಿದರೆ ಸಿಗುವ ಮುಧೋಳದಲ್ಲಿ ಬೇಟೆನಾಯಿಯ ತಳಿಯನ್ನು ಘೋರ್ಪಡೆ ಸಂಸ್ಥಾನಿಕರು ಉಳಿಸಿ ಬೆಳೆಸಿದರು. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂತು, ಈಗ ಸೈನ್ಯದಲ್ಲೂ ಅದು ಕಾಲಿಟ್ಟಿದೆ. ತಿಮ್ಮಾಪುರದ ಸಂಶೋಧನಾ ಕೇಂದ್ರದಿಂದ ಮರಿ ತಂದು ಸಾಕಿದ ಮನೆಗಳು ವಿಜಯಪುರದಲ್ಲೂ ಇವೆ.

ಅಂಥ ಮನೆಗಳ ತೊಂದರೆ ಶುರುವಾಗುವುದು ನಾಯಿ ಸತ್ತ ದಿನ. ಜಲನಗರ, ಆದರ್ಶನಗರ, ಆಶ್ರಮ ರಸ್ತೆಯ ಬಡಾವಣೆಗಳಲ್ಲಿ ಮೂವತ್ತು-ನಲವತ್ತರ ನಿವೇಶನ. ಕಂಪೌಂಡಿನೊಳಗೆ ಒಂದು ಗೇಣು ಮಣ್ಣು ಕಾಣದಂತೆ ಕಾಂಕ್ರೀಟು. ಹನ್ನೆರಡು ವರ್ಷ ಮಕ್ಕಳ ಜೊತೆ ಬೆಳೆದ ನಾಯಿಯನ್ನು ಎಲ್ಲಿಗೆ ಒಯ್ಯಬೇಕು? ಹೊಲವಿದ್ದ ನೆಂಟರಿದ್ದರೆ ಕಾರಿನ ಹಿಂದಿನ ಸೀಟಿನಲ್ಲಿ ಚಾದರ ಸುತ್ತಿ ಟಿಕೋಟಾಕ್ಕೋ ಬಬಲೇಶ್ವರಕ್ಕೋ ಹೋಗುತ್ತಾರೆ, 20-25 ಕಿ.ಮೀ. ದಾರಿ. ಇಲ್ಲದವರು ಕತ್ತಲಾಗುವವರೆಗೆ ಕಾದು ಊರ ಹೊರಗಿನ ಖಾಲಿ ನಿವೇಶನ ಹುಡುಕುತ್ತಾರೆ, ಯಾರಾದರೂ ಬೈದಾರೆಂಬ ಅಂಜಿಕೆಯಲ್ಲಿ ಅವಸರದಿಂದ ಅರೆಬರೆ ತೋಡಿ ಮುಚ್ಚಿ ಬರುತ್ತಾರೆ. ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಬೆಂಗಳೂರಿನ ಕೆಂಗೇರಿಯಲ್ಲಿ ಪ್ರಾಣಿಪ್ರಿಯರ ಸಂಸ್ಥೆಯೊಂದು ಸಾಕುಪ್ರಾಣಿಗಳಿಗೆ ಸ್ಮಶಾನ ನಡೆಸುತ್ತಿದೆ. ಕಲ್ಲಿನ ಮೇಲೆ ಹೆಸರು, ಫೋಟೊ ಇಡುತ್ತಾರೆ, ಹುಟ್ಟಿದ ದಿನ ಹೂವು ತರುತ್ತಾರೆ. ಇಷ್ಟು ಗೋರಿಗಳನ್ನು ಜತನ ಮಾಡಿಕೊಂಡು ಬಂದ ವಿಜಯಪುರಕ್ಕೆ ಒಂದೆರಡು ಎಕರೆ ಭಾರವಲ್ಲ. ಪಾಲಿಕೆಯವರು ಊರ ಹೊರಗೆ, ಬಾವಿ ಕೊಳವೆಬಾವಿಗಳಿಂದ ದೂರ, ನೀರು ನಿಲ್ಲದ ಜಾಗ ಗುರುತಿಸಲಿ. ಸುತ್ತ ಬೇವು ನೆಡಲಿ. ಕುಣಿ ತೋಡಲು ಒಬ್ಬ ಆಳು, ಉಪ್ಪು, ಸುಣ್ಣ, ಹೆಸರು ಬರೆಯಲು ಒಂದು ಶಹಾಬಾದಿ ಕಲ್ಲು. ಮುದಿ ಎತ್ತಿಗೂ ಅಲ್ಲಿ ಬಾಗಿಲು ತೆರೆದಿರಲಿ. ಹೊಲ ಮಾರಿ ಊರು ಸೇರಿದವರ ದಾವಣಿಯಲ್ಲಿ ಇನ್ನೂ ಒಂದೊಂದು ಉಳಿದಿವೆ.

ಅಲ್ಲಿಯವರೆಗೆ ಹೊಲದವರೇ ಗತಿ. ಪರಿಚಯದ ಮನೆಯೊಂದರ ನಾಯಿ ಈಚೆಗೆ ಹಾಸಿಗೆ ಹಿಡಿದಾಗ ಅವರ ಪರವಾಗಿ ನಾನು ಬಬಲೇಶ್ವರದ ಕಡೆಯ ರೈತರೊಬ್ಬರಿಗೆ ಫೋನು ಮಾಡಿ, "ಕಾಕಾ, ನಿಮ್ಮ ಬದುವಿನ್ಯಾಗ ಒಂದೀಟು ಜಾಗಾ ಸಿಗ್ತೈತೇನ್ರಿ?" ಎಂದು ಸಂಕೋಚದಿಂದ ಕೇಳಿದೆ.

"ಅದಕ್ಕ ಯಾಕ ಇಷ್ಟ ಕೇಳ್ತಿ ತಮ್ಮಾ? ಯಾವಾಗ ಬೇಕಾದರೂ ತರ್ರಿ," ಎಂದರು. "ನಮ್ಮ ರಾಜಾನ ಮಗ್ಗಲದಾಗ ಜಾಗಾ ಐತಿ. ಹುಡುಗೂರನ್ನೂ ಕರಕೊಂಡ ಬರ್ರಿ. ಕುಣಿ ಮಾತ್ರ ಎದಿಮಟ ತೋಡೋಣ, ಈಗ ಇಲ್ಲಿ ನರಿ ಭಾಳ ಆಗ್ಯಾವ."